ಮಹಾದ್ವಾರದ ಒಳಗೆ ಒಂದು ರಾತ್ರಿ

ಪ್ರವಾಸ ಹೊರಟವರು ರಾತ್ರಿ ತಂಗಲು ಛತ್ರವನ್ನೋ ಹೋಟೆಲನ್ನೋ ನೆಂಟರ ಮನೆಯನ್ನೋ ಹುಡುಕುವುದು ವಾಡಿಕೆ. ಕಾಲೇಜೊಂದರಲ್ಲಿ ಹೋಗಿ ಮಲಗಿದ್ದೆ ಎಂದು ಯಾರಾದರೂ ಹೇಳಿದರೆ ಕೇಳುವವರಿಗೆ ನಗು ಬಂದೀತು. ನಮ್ಮಲ್ಲಿ ಕಾಲೇಜಿನಲ್ಲಿ ಮಲಗುವುದೆಂದರೆ ಹಗಲು ಹೊತ್ತಿನಲ್ಲಿ, ಕೊನೆಯ ಬೆಂಚಿನಲ್ಲಿ ಕುಳಿತು, ಮೇಷ್ಟರ ಕಣ್ಣು ತಪ್ಪಿಸಿ ಮಾಡುವ ಕೆಲಸ. 34 ವರ್ಷ ಅಧ್ಯಾಪಕನಾಗಿದ್ದ ನನಗೆ ಅದರ ಪರಿಚಯ ಸಾಕಷ್ಟು ಇದೆ. ಆದರೆ ನಾನು ಈಗ ಹೇಳಹೊರಟಿರುವುದು ಬೇರೆ ಬಗೆಯ ನಿದ್ರೆಯ ವಿಚಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಕ್ರೈಸ್ಟ್ ಚರ್ಚ್ ಎಂಬ ಕಾಲೇಜಿನಲ್ಲಿ, ಬಾಡಿಗೆ ತೆತ್ತ ಅತಿಥಿಯಾಗಿ, ಒಂದು ಜುಲೈ ತಿಂಗಳಿನ ರಾತ್ರಿಯನ್ನು ನಾನು ಕಳೆದೆ. ಆ ಒಂದು ರಾತ್ರಿಯಲ್ಲಿ, ಕಾಲೇಜು ಎಂಬ ಪದದ ಅರ್ಥವನ್ನು ನಾನು ಅಷ್ಟು ವರ್ಷವೂ ಅರ್ಧವೇ ತಿಳಿದಿದ್ದೆನೆಂಬುದು ಮನವರಿಕೆಯಾಯಿತು.

ಆ ಕೋಣೆಯನ್ನು ನನಗಾಗಿ ಗೊತ್ತುಮಾಡಿದವಳು ನನ್ನ ಅಕ್ಕನ ಮೊಮ್ಮಗಳು. ಅವಳು ಆ ವಿಶ್ವವಿದ್ಯಾನಿಲಯದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ; ಊರಿನ ಪೂರ್ವಭಾಗದಲ್ಲಿ ನಾಲ್ವರು ಗೆಳತಿಯರೊಡನೆ ಬಾಡಿಗೆ ಮನೆಯೊಂದರಲ್ಲಿ ವಾಸ. ಆ ಮನೆಯಲ್ಲಿ ಮುದುಕನೊಬ್ಬನಿಗೆ ಜಾಗವಿರಲಿಲ್ಲ. "ತಾತ, ನೀವು ಒಂದು ರಾತ್ರಿಯಾದರೂ ಕಾಲೇಜಿನ ಒಳಗೇ ಇರಬೇಕು, ಹೊರಗಿನಿಂದ ನೋಡಿದರೆ ಅದು ಬರೀ ಕಲ್ಲು" ಎಂದು ಅವಳು ಹಟ ಹಿಡಿದಳು. ಅವಳ ಮಾತು ನಿಜವೆಂಬುದು ಆಮೇಲೆ ತಿಳಿಯಿತು.

ಕಾಲೇಜು ಪರಸ್ಥಳದವರಿಗೆ ಕೋಣೆಯನ್ನು ಬಾಡಿಗೆಗೆ ಕೊಡುವುದಾದರೂ ಹೇಗೆ ಎಂದು ನೀವು ಕೇಳಬಹುದು. ಆಕ್ಸ್‌ಫರ್ಡಿನ ಶೈಕ್ಷಣಿಕ ವರ್ಷದಲ್ಲಿ ಮೂರು ಅವಧಿಗಳಿವೆ: ಶರತ್ಕಾಲದಲ್ಲಿ ಮೈಕಲ್‌ಮಸ್, ಚಳಿಗಾಲದಲ್ಲಿ ಹಿಲರಿ, ವಸಂತದಲ್ಲಿ ಟ್ರಿನಿಟಿ. ಒಂದೊಂದು ಅವಧಿಗೂ ಪೂರ್ತಿ ಪಾಠ ನಡೆಯುವುದು ಎಂಟೇ ವಾರ. ಒಟ್ಟು 24 ವಾರಗಳು ಕಳೆದರೆ ವರ್ಷದ ಉಳಿದ 28 ವಾರಗಳು ರಜೆ. ರಜೆ ಬಂತೆಂದರೆ ಬಹುಪಾಲು ವಿದ್ಯಾರ್ಥಿಗಳು ತಮ್ಮ ಗಂಟುಮೂಟೆ ಕಟ್ಟಿಕೊಂಡು ಕೋಣೆ ತೆರವು ಮಾಡಬೇಕು. ಶತಮಾನಗಳ ಹಿಂದಿನ ಗೋಡೆಗಳನ್ನೂ ಸೂರುಗಳನ್ನೂ ಕಾಪಾಡುವ ಖರ್ಚು ಸಣ್ಣದಲ್ಲ. ಖಾಲಿ ಬಿದ್ದ ಹಾಸಿಗೆಗಳಿಂದ ಆದಾಯವೂ ಬರುವುದಿಲ್ಲ. ಆದುದರಿಂದ ಅನೇಕ ಕಾಲೇಜುಗಳು ರಜೆಯ ದಿನಗಳಲ್ಲಿ ವಿದ್ವತ್ಸಭೆಗಳಿಗೂ ನನ್ನಂಥ ದಾರಿಹೋಕರಿಗೂ ಕೋಣೆಗಳನ್ನು ಕೊಡುತ್ತವೆ. ರಾತ್ರಿಗೆ ಹಾಸಿಗೆ, ಬೆಳಗ್ಗೆ ಉಪಾಹಾರ, ಇಷ್ಟು ಕರಾರು.

ಹೋಟೆಲಿನಲ್ಲಿ ಸ್ವಾಗತದ ಮೇಜು ಇರುವಂತೆ ಇಲ್ಲಿ ಬಾಗಿಲ ಮಗ್ಗುಲಲ್ಲಿ ದ್ವಾರಪಾಲಕರ ಕೊಠಡಿಯಿದೆ. ಅದಕ್ಕೆ ಲಾಡ್ಜ್ ಎನ್ನುತ್ತಾರೆ. ನಮ್ಮ ಊರುಗಳ ಲಾಡ್ಜಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಕುಳಿತವರನ್ನು ಪೋರ್ಟರ್ ಎಂದು ಕರೆಯುವರು. ನಾವು ರೈಲುನಿಲ್ದಾಣದಲ್ಲಿ ಕಾಣುವ ಪೋರ್ಟರ್ ಹೊರೆ ಹೊರುವವನು. ಇಲ್ಲಿಯ ಪೋರ್ಟರ್ ಬಾಗಿಲು ಕಾಯುವವನು. ಕರಿಯ ದುಂಡು ಟೊಪ್ಪಿಗೆ ಧರಿಸಿದ ಒಬ್ಬ ಹಿರಿಯರು ನನ್ನ ಹೆಸರನ್ನು ಪಟ್ಟಿಯಲ್ಲಿ ನೋಡಿ, ಬೀಗದ ಕೈಯನ್ನೂ ಒಂದು ನಕ್ಷೆಯನ್ನೂ ಕೊಟ್ಟು, ಅಂಗಳದ ಹುಲ್ಲಿನ ಮೇಲೆ ಮಾತ್ರ ಕಾಲಿಡಬಾರದೆಂದು ವಿನಯದಿಂದ ತಿಳಿಸಿದರು. ಬಾಗಿಲು ಮುಚ್ಚಿದ ಮೇಲೆ ಬಂದರೆ ದೊಡ್ಡ ಕದದೊಳಗಿನ ಚಿಕ್ಕ ಕಿಂಡಿಬಾಗಿಲಿನಿಂದ ಒಳಗೆ ಬರಬೇಕೆಂದೂ ಹೇಳಿದರು.

ಆ ಮಹಾದ್ವಾರದ ಕಥೆಯೇ ಒಂದು ಪುರಾಣ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿ 1525ರಲ್ಲಿ ಇಲ್ಲಿ ತನ್ನ ಪದವಿಯ ಹೆಸರಿನಲ್ಲಿಯೇ ಒಂದು ಕಾಲೇಜನ್ನು ಸ್ಥಾಪಿಸಿದ. ಅದಕ್ಕಾಗಿ ಆ ಸ್ಥಳದಲ್ಲಿದ್ದ ಸಂತ ಫ್ರೈಡ್‌ಸ್ವೈಡಳ ಮಠವನ್ನು ಮುಚ್ಚಿಸಿ, ಮಠದ ಚರ್ಚಿನ ಒಂದು ಪಾರ್ಶ್ವವನ್ನು ಕೆಡವಿಸಿದ. ಅಂಗಳದ ಸುತ್ತ ಕಂಬಸಾಲಿನ ಮೊಗಸಾಲೆಯನ್ನು ಕಟ್ಟಿಸಲು ಅಡಿಪಾಯ ಹಾಕಿಸಿದ. 1529ರಲ್ಲಿ ಅರಸನ ಕೋಪಕ್ಕೆ ಗುರಿಯಾಗಿ ಪದಚ್ಯುತನಾದ. ಕೆಲಸ ಅಲ್ಲಿಗೇ ನಿಂತಿತು. ಕಮಾನುಗಳು ಮೇಲೇಳಬೇಕಾಗಿದ್ದ ಜಾಗದಲ್ಲಿ ಅವುಗಳ ಬುಡದ ಕಲ್ಲುಗಳು ಮಾತ್ರ ಇಂದಿಗೂ ಗೋಡೆಗಂಟಿ ನಿಂತಿವೆ. 1546ರಲ್ಲಿ ಹೆನ್ರಿಯೇ ಕ್ರೈಸ್ಟ್ ಚರ್ಚ್ ಎಂಬ ಹೆಸರಿನಲ್ಲಿ ಕಾಲೇಜನ್ನು ಪುನಃ ಸ್ಥಾಪಿಸಿದ. ಮಠದ ಚರ್ಚು ನಗರದ ಪ್ರಧಾನ ದೇವಾಲಯವೂ ಆಯಿತು, ಕಾಲೇಜಿನ ಪ್ರಾರ್ಥನಾಮಂದಿರವೂ ಆಯಿತು. ಅರ್ಧದಲ್ಲಿ ನಿಂತಿದ್ದ ದ್ವಾರದ ಮೇಲೆ ಗೋಪುರವೆದ್ದದ್ದು 1682ರಲ್ಲಿ. ಅದರ ಶಿಲ್ಪಿ, ಲಂಡನ್ನಿನ ಸಂತ ಪಾಲ್ ದೇವಾಲಯವನ್ನು ಕಟ್ಟಿದ ಕ್ರಿಸ್ಟೋಫರ್ ರೆನ್.

ಲ್ಯಾಟಿನ್ನಿನಲ್ಲಿ ಈ ಕಾಲೇಜಿನ ಹೆಸರಿಗೆ ಕ್ರಿಸ್ತನ ಮನೆ ಎಂದು ಅರ್ಥ. ಅದರಿಂದಾಗಿ ಇಲ್ಲಿಯವರು ತಮ್ಮ ಕಾಲೇಜನ್ನು ಕಾಲೇಜೆಂದು ಕರೆಯದೆ ಸುಮ್ಮನೆ 'ಹೌಸ್' ಎನ್ನುತ್ತಾರೆ. ಮನೆ! ಈ ಒಂದು ಪದದಲ್ಲಿ ಬಹಳ ವಿಷಯ ಅಡಗಿದೆ. ನಮಗೆ ಕಾಲೇಜೆಂದರೆ ಪಾಠದ ಕೊಠಡಿ, ಕರಿಹಲಗೆ, ಹಾಜರಿ ಪುಸ್ತಕ. ಆಕ್ಸ್‌ಫರ್ಡಿನಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ವಿದ್ಯಾರ್ಥಿಯನ್ನು ಒಳಗೆ ಸೇರಿಸಿಕೊಂಡು, ಅವನಿಗೆ ಕೋಣೆ ಕೊಟ್ಟು, ಊಟವಿಟ್ಟು, ಒಬ್ಬ ಗುರುವಿನ ಎದುರು ವಾರವಾರವೂ ಕೂರಿಸಿ ತಿದ್ದುವುದು ಕಾಲೇಜಿನ ಕೆಲಸ. ಅಂಥ 40ರಷ್ಟು ಮನೆಗಳು ಕೂಡಿ ಒಂದು ವಿಶ್ವವಿದ್ಯಾನಿಲಯ.

ಇದು ಹೀಗೇಕಾಯಿತೆಂದು ತಿಳಿಯಲು 13ನೆಯ ಶತಮಾನಕ್ಕೆ ಹೋಗಬೇಕು. ಆಗ ಆಕ್ಸ್‌ಫರ್ಡಿನಲ್ಲಿ ಗುರುಗಳಿದ್ದರು, ಶಿಷ್ಯರಿದ್ದರು, ಆದರೆ ಶಿಷ್ಯರಿಗೆ ತಂಗಲು ಸ್ವಂತ ಜಾಗವಿರಲಿಲ್ಲ. ದೂರದ ಊರುಗಳಿಂದ ಬಂದ ಹುಡುಗರು ಪೇಟೆಯ ಜನರ ಮನೆಗಳಲ್ಲಿ ಬಾಡಿಗೆಗಿರುತ್ತಿದ್ದರು. ಬಾಡಿಗೆಗಾಗಿ, ರೊಟ್ಟಿಯ ಬೆಲೆಗಾಗಿ, ಮದ್ಯದ ಅಳತೆಗಾಗಿ ಊರಿನವರಿಗೂ ವಿದ್ಯಾರ್ಥಿಗಳಿಗೂ ಸದಾ ಜಗಳ. 1355ರ ಫೆಬ್ರವರಿ 10ರಂದು ಹೆಂಡದಂಗಡಿಯೊಂದರಲ್ಲಿ, ಕೊಟ್ಟ ಮದ್ಯ ಕೆಟ್ಟದ್ದೆಂಬ ಮಾತಿಗೆ ಎದ್ದ ಕಲಹ ದಿನಗಟ್ಟಲೆ ನಡೆದು, 63 ವಿದ್ಯಾರ್ಥಿಗಳು ಸತ್ತರೆಂದು ಪರಂಪರೆಯ ಲೆಕ್ಕ ಹೇಳುತ್ತದೆ. ಊರಿನವರೂ ಅನೇಕರು ಸತ್ತರು. ಆ ತಪ್ಪಿಗೆ ನಗರದ ಮೇಯರು ಪ್ರತಿವರ್ಷವೂ ವಿಶ್ವವಿದ್ಯಾನಿಲಯಕ್ಕೆ ದಂಡ ತೆತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಪದ್ಧತಿ 1825ರವರೆಗೂ ನಡೆದುಬಂದಿತು.

ಇಂಥ ಊರಿನಲ್ಲಿ ಬಡ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಗ್ರಂಥವಲ್ಲ, ಗೋಡೆ, ಉಪನ್ಯಾಸವಲ್ಲ, ಊಟ. ಇದನ್ನು ಚೆನ್ನಾಗಿ ಅರಿತವನು ವಾಲ್ಟರ್ ಡಿ ಮರ್ಟನ್. ಆತ 1264ರಲ್ಲಿ ತನ್ನ ಜಮೀನುಗಳನ್ನು ದತ್ತಿಯಾಗಿ ಬಿಟ್ಟು, ಅದರ ಉತ್ಪನ್ನದಿಂದ ಇಷ್ಟು ಮಂದಿ ವಿದ್ಯಾರ್ಥಿಗಳಿಗೆ ಜೀವನ ಸಾಗಬೇಕೆಂದು ಕಟ್ಟುಪಾಡು ಮಾಡಿದ. ಅದೇ ಇಂದಿನ ಮರ್ಟನ್ ಕಾಲೇಜು. ಹಾಗೆ ನೋಡಿದರೆ ಕಾಲೇಜೆಂಬುದು ಹುಟ್ಟಿದಾಗ ಪಾಠಶಾಲೆಯಾಗಿರಲಿಲ್ಲ. ಅದು ಅನ್ನದ ಮತ್ತು ಹಾಸಿಗೆಯ ದತ್ತಿಯಾಗಿತ್ತು.

ನಮ್ಮವರಿಗೂ ಈ ವಿಚಾರ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ನಾನಾ ಜನಪದಗಳಿಂದ ಅಲ್ಲಿಗೆ ಬಂದ ವಿದ್ಯಾರ್ಥಿಗಳ ವಸತಿಗಾಗಿ, ರಾತ್ರಿ ಓದುವ ದೀಪಕ್ಕಾಗಿ ಭೂಮಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಮರ್ಟನ್ನನಿಗಿಂತ 300 ವರ್ಷಕ್ಕೂ ಹಿಂದಿನ ಮಾತಿದು. ಮನೆಮನೆಯಲ್ಲಿ ವಾರಕ್ಕೊಂದು ದಿನ ಉಂಡು ಓದಿದ ವಾರಾನ್ನದ ಹುಡುಗರೂ, ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಬೆಳೆದವರೂ ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಮಂದಿಯಿದ್ದರೆಂಬುದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಕೋಣೆಯಿದ್ದದ್ದು 1860ರ ದಶಕದಲ್ಲಿ ಕಟ್ಟಿದ, ಮೆಡೊ ಬಿಲ್ಡಿಂಗ್ ಎಂಬ ಭಾಗದಲ್ಲಿ. ಮೆಡೊ ಎಂದರೆ ಹುಲ್ಲುಗಾವಲು. ಇಂಥ ಹಳೆಯ ಕಟ್ಟಡಗಳಲ್ಲಿ ಉದ್ದನೆಯ ಪಡಸಾಲೆಯುದ್ದಕ್ಕೂ ಸಾಲು ಕೋಣೆಗಳಿರುವುದಿಲ್ಲ. ಅಂಗಳದಿಂದ ನೇರವಾಗಿ ಮೇಲೇರುವ ಬೇರೆ ಬೇರೆ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೂ ಸೇರಿದಂತೆ ಅಂತಸ್ತಿಗೆ ಎರಡು ಮೂರು ಕೋಣೆಗಳು. ಬುಡದಲ್ಲಿ ಒಂದು ಹಲಗೆ, ಅದರ ಮೇಲೆ ನಿವಾಸಿಗಳ ಹೆಸರು. ಒಂದೇ ಮೆಟ್ಟಿಲನ್ನು ತುಳಿಯುವ ಹತ್ತಾರು ಮಂದಿ ನೆರೆಹೊರೆಯವರಾಗುತ್ತಾರೆ. ಕೆಲವು ಹಳೆಯ ಕೋಣೆಗಳಿಗೆ ಎರಡು ಬಾಗಿಲುಗಳು, ಒಂದರ ಹಿಂದೊಂದು. ಹೊರಗಿನ ದಪ್ಪ ಬಾಗಿಲಿಗೆ 'ಓಕ್' ಎಂದು ಹೆಸರು. ಅದು ಮುಚ್ಚಿದ್ದರೆ ಒಳಗಿರುವವನು ಓದುತ್ತಿದ್ದಾನೆ, ತೊಂದರೆ ಕೊಡಬೇಡಿ ಎಂದರ್ಥ, ತಟ್ಟುವುದೂ ಅಸಭ್ಯತೆ. ಏಕಾಂತವನ್ನು ಒಂದು ಮರದ ಹಲಗೆಯಿಂದ ಕಾಪಾಡಿಕೊಂಡ ಈ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು.

ಕೋಣೆಯೇನೂ ವೈಭವದ್ದಲ್ಲ. ಕಿರಿದಾದ ಮಂಚ, ಗೋಡೆಗೆ ಒರಗಿದ ಓದುವ ಮೇಜು, ಬರಿದಾದ ಪುಸ್ತಕದ ಕಪಾಟು. ಪರೀಕ್ಷೆಯ ವೇಳಾಪಟ್ಟಿಯನ್ನೋ ಏನನ್ನೋ ಅಂಟಿಸಿ ಕಿತ್ತ ಗುರುತು ಗೋಡೆಯ ಮೇಲಿತ್ತು. ನಾಲ್ಕು ವಾರಗಳ ಹಿಂದೆ ಯಾವನೋ ಹುಡುಗ ಅಥವಾ ಹುಡುಗಿ ಈ ಮೇಜಿನ ಮುಂದೆ ರಾತ್ರಿಯಿಡೀ ಕುಳಿತಿದ್ದಿರಬೇಕು. ಕಿಟಕಿ ತೆರೆದರೆ ಎದುರಿಗೆ ವಿಶಾಲವಾದ ಹುಲ್ಲುಗಾವಲು. ಅದರಲ್ಲಿ ಉದ್ದ ಕೊಂಬಿನ ದನಗಳು ಮೇಯುತ್ತಿದ್ದವು. ಏಳು ಸಮುದ್ರದಾಚೆಯ ವಿದ್ಯಾಪೀಠದ ಕಿಟಕಿಯಲ್ಲಿ ದನ ಕಾಣುವುದೆಂದು ನಾನು ಎಣಿಸಿರಲಿಲ್ಲ.

ಸಂಜೆ ಮೊಮ್ಮಗಳು ಬಂದಳು. ಹಗಲೆಲ್ಲ ಹಣ ತೆತ್ತು ನೋಡಲು ಬರುವ ಪ್ರವಾಸಿಗಳ ಗುಂಪು ಹೊರಟುಹೋಗಿತ್ತು. ಟಾಮ್ ಅಂಗಳವೆಂಬ ದೊಡ್ಡ ಚೌಕದಲ್ಲಿ ನಾವಿಬ್ಬರೇ ನಡೆದೆವು. ನಡುವೆ ಕೊಳ, ಕೊಳದ ನಡುವೆ ರೆಕ್ಕೆಯ ಪಾದದ ಮರ್ಕ್ಯುರಿ ದೇವತೆಯ ಪ್ರತಿಮೆ. "ಅಲ್ಲಿ ನೋಡಿ ತಾತ, ಪಾಪಚ್ಚಿಯ ಮನೆ" ಎಂದು ಅವಳು ಡೀನರ ನಿವಾಸದ ಕಡೆ ಬೆರಳು ತೋರಿಸಿದಳು.

ಗಣಿತದ ಅಧ್ಯಾಪಕನಾಗಿದ್ದ ಚಾರ್ಲ್ಸ್ ಡಾಡ್ಜ್‌ಸನ್ 1851ರಿಂದ 1898ರಲ್ಲಿ ತೀರಿಕೊಳ್ಳುವವರೆಗೆ ಇದೇ ಕಾಲೇಜಿನಲ್ಲಿ ವಾಸವಾಗಿದ್ದ. 1862ರ ಜುಲೈ 4ರಂದು ದೋಣಿಯಲ್ಲಿ ಕುಳಿತು ಡೀನ್ ಲಿಡೆಲರ ಮಗಳು ಆಲಿಸಳಿಗೂ ಅವಳ ಸೋದರಿಯರಿಗೂ ಅವನು ಹೇಳಿದ ಕಥೆಯೇ, ಮೂರು ವರ್ಷಗಳ ಮೇಲೆ ಲೂಯಿಸ್ ಕೆರೊಲ್ ಎಂಬ ಹೆಸರಿನಲ್ಲಿ ಅಚ್ಚಾಯಿತು. ನಾ. ಕಸ್ತೂರಿಯವರು ಅದನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಕ್ಕೆ ತಂದರು. ನನ್ನ ಅಕ್ಕ ಈ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಓದಿಹೇಳಿದ ಪುಸ್ತಕ ಅದು. ಕಥೆಯಲ್ಲಿ ಆಲಿಸ್ ಒಂದು ಪುಟ್ಟ ಬಾಗಿಲಿನಿಂದ ಇಣುಕಿ ಸುಂದರವಾದ ತೋಟವನ್ನು ಕಾಣುತ್ತಾಳೆ. ಆದರೆ ಬಾಗಿಲಲ್ಲಿ ಅವಳ ತಲೆಯೂ ತೂರುವುದಿಲ್ಲ. ನಿಜಜೀವನದಲ್ಲಿಯೂ ಹಾಗೆಯೇ ಆಯಿತೆಂಬುದನ್ನು ನಾವು ಮರೆಯುತ್ತೇವೆ. ಡೀನರ ಮಗಳಾಗಿ ಆಲಿಸ್ ಈ ಗೋಡೆಗಳ ಒಳಗೇ ಬೆಳೆದಳು. ಆದರೆ ಹೆಣ್ಣಾದುದರಿಂದ ಇಲ್ಲಿ ವಿದ್ಯಾರ್ಥಿನಿಯಾಗುವಂತಿರಲಿಲ್ಲ.

ಒಂಬತ್ತು ಗಂಟೆಯಾಗುವ ಹೊತ್ತಿಗೆ ಮೊಮ್ಮಗಳನ್ನು ಮಹಾದ್ವಾರದವರೆಗೆ ಕಳುಹಿಸಿ ಅಲ್ಲಿಯೇ ನಿಂತೆ. ಆ ದೇಶದ ಬೇಸಿಗೆಯಲ್ಲಿ ಆಗಿನ್ನೂ ಬೆಳಕು. ಒಂಬತ್ತು ಹೊಡೆದು ಐದು ನಿಮಿಷಕ್ಕೆ ಸರಿಯಾಗಿ ತಲೆಯ ಮೇಲಿನ ಗೋಪುರದಲ್ಲಿ ಘಂಟಾನಾದ ಮೊದಲಾಯಿತು. ಆ ಘಂಟೆಯ ಹೆಸರು ಗ್ರೇಟ್ ಟಾಮ್. ಆರು ಟನ್ನಿಗೂ ಹೆಚ್ಚು ತೂಕ. ಹತ್ತಿರದ ಆಸ್ನಿ ಮಠದಿಂದ ತಂದು, 1680ರಲ್ಲಿ ಮರಳಿ ಎರಕಹೊಯ್ದದ್ದು. ಅದು ಪ್ರತಿರಾತ್ರಿ 101 ಬಾರಿ ಬಾರಿಸುತ್ತದೆ. ಕಾಲೇಜಿನ ಮೂಲ ದತ್ತಿಯಲ್ಲಿದ್ದವರು 100 ಮಂದಿ ವಿದ್ಯಾರ್ಥಿಗಳು. 17ನೆಯ ಶತಮಾನದಲ್ಲಿ ಇನ್ನೊಂದು ದತ್ತಿಯಿಂದ ಒಬ್ಬ ಸೇರಿದ. ತಲೆಗೊಂದು ಪೆಟ್ಟಿನ ಲೆಕ್ಕದಲ್ಲಿ, ಎಲ್ಲರೂ ಒಳಗೆ ಬನ್ನಿ, ಬಾಗಿಲು ಮುಚ್ಚುವ ಹೊತ್ತಾಯಿತು ಎಂಬ ಕರೆ ಅದು. ಆಮೇಲೆ ಬಂದವರು ದಂಡ ತೆರಬೇಕಾಗಿತ್ತು. ತೀರಾ ತಡವಾದವರು ಗೋಡೆ ಹತ್ತಿ ಧುಮುಕುತ್ತಿದ್ದರೆಂಬ ಕಥೆಗಳು ಎಲ್ಲ ಕಾಲೇಜುಗಳಲ್ಲೂ ಉಂಟು.

ಒಂಬತ್ತಕ್ಕೆ ಬಾರಿಸದೆ ಐದು ನಿಮಿಷ ತಡವೇಕೆ? ಆಕ್ಸ್‌ಫರ್ಡ್ ಗ್ರೀನಿಚ್ಚಿಗೆ ಸುಮಾರು ಒಂದೂಕಾಲು ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಆದುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಗ್ರೀನಿಚ್ಚಿಗಿಂತ ಐದು ನಿಮಿಷ ತಡ. ರೈಲು ಬರುವುದಕ್ಕೆ ಮೊದಲು ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ಗಡಿಯಾರ. ರೈಲಿನ ವೇಳಾಪಟ್ಟಿಗಾಗಿ ದೇಶವೆಲ್ಲ ಗ್ರೀನಿಚ್ ವೇಳೆಗೆ ಒಗ್ಗಿಕೊಂಡಿತು. ಗ್ರೇಟ್ ಟಾಮ್ ಮಾತ್ರ ಹಳೆಯ ಒಂಬತ್ತನ್ನೇ ಸಾರುತ್ತ ಉಳಿದಿದೆ. ನಮ್ಮ ಬೆಂಗಳೂರಿನ ಸೂರ್ಯನೂ ನಮ್ಮ ಕೈಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದಿದ್ದಾನೆ. ಅವನ ಪರವಾಗಿ ಘಂಟೆ ಬಾರಿಸುವವರಿಲ್ಲ ಅಷ್ಟೆ.

ನಾನು ಪೆಟ್ಟುಗಳನ್ನು ಎಣಿಸತೊಡಗಿದೆ. ನಲವತ್ತರವರೆಗೆ ಲೆಕ್ಕ ಸರಿಯಾಗಿತ್ತು. ಆಮೇಲೆ ಮನಸ್ಸು ನಮ್ಮೂರಿಗೆ ಓಡಿತು.

ನಮ್ಮ ಹಳ್ಳಿಯಲ್ಲಿದ್ದದ್ದು ಮಾಧ್ಯಮಿಕ ಶಾಲೆ ಮಾತ್ರ. ಹೈಸ್ಕೂಲಿಗೆ 14 ಮೈಲಿ ದೂರದ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. 1959ರಲ್ಲಿ ಅಕ್ಕ ಶಾಲೆಗೇ ಮೊದಲನೆಯವಳಾಗಿ ತೇರ್ಗಡೆಯಾದಳು. ಲೆಕ್ಕದಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಅಪ್ಪ ಆ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಲ್ಲಿ ಒಂದು ಉಚಿತ ವಿದ್ಯಾರ್ಥಿನಿಲಯವಿತ್ತು, ಗಂಡುಹುಡುಗರಿಗೆ ಮಾತ್ರ. ಹೆಣ್ಣುಮಗು ರಾತ್ರಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಮೂರು ವರ್ಷದ ಮೇಲೆ, ಅವಳ ಅರ್ಧದಷ್ಟೂ ಬುದ್ಧಿಯಿಲ್ಲದ ನಾನು ಅದೇ ನಿಲಯಕ್ಕೆ ಸೇರಿದೆ. ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಬಟ್ಟೆಗಳನ್ನು ಮಡಿಸಿಟ್ಟವಳು ಅಕ್ಕ. ಅಲ್ಲಿಯೂ ರಾತ್ರಿ ಎಂಟಕ್ಕೆ ಘಂಟೆ ಬಾರಿಸಿ ಬಾಗಿಲು ಹಾಕುತ್ತಿದ್ದರು. ಒಳಗೆ ಮಲಗಿದ ನನಗೆ ಆ ಬಾಗಿಲು ಯಾರನ್ನು ಹೊರಗಿಟ್ಟಿದೆಯೆಂದು ಆಗ ಹೊಳೆಯಲಿಲ್ಲ.

ಬಾಗಿಲಿಗೆ ಎರಡು ಗುಣಗಳಿವೆ. ಒಳಗಿರುವವರನ್ನು ಅದು ಕಾಯುತ್ತದೆ, ಹೊರಗಿರುವವರನ್ನು ತಡೆಯುತ್ತದೆ. ಆಕ್ಸ್‌ಫರ್ಡಿನ ಬಾಗಿಲುಗಳು ಬಹಳ ಕಾಲ ಈ ಎರಡನೆಯ ಕೆಲಸವನ್ನೂ ಶ್ರದ್ಧೆಯಿಂದ ಮಾಡಿದವು. ಆಂಗ್ಲ ಚರ್ಚಿನ ಮತಕ್ಕೆ ಒಪ್ಪಿಗೆ ಬರೆದುಕೊಡದವರಿಗೆ ಅಲ್ಲಿ ಶತಮಾನಗಳ ಕಾಲ ಪ್ರವೇಶವಿರಲಿಲ್ಲ. ಪ್ರವೇಶಕ್ಕಿದ್ದ ಆ ನಿರ್ಬಂಧ ಕೊನೆಗೊಂಡದ್ದು 1854ರ ಕಾನೂನಿನಿಂದ. ತತ್ತ್ವಜ್ಞಾನಿ ಜಾನ್ ಲಾಕ್ ಇದೇ ಕ್ರೈಸ್ಟ್ ಚರ್ಚಿನವನು. 1684ರಲ್ಲಿ ಅರಸನ ಆಜ್ಞೆಯಂತೆ ಅವನ ಸ್ಥಾನವನ್ನು ಕಿತ್ತುಕೊಳ್ಳಲಾಯಿತು. ಹೆಣ್ಣುಮಕ್ಕಳಿಗಾಗಿ ಊರಿನಲ್ಲಿ ಪ್ರತ್ಯೇಕ ನಿವಾಸಗಳು ತೆರೆದದ್ದು 1879ರಲ್ಲಿ. ಅವುಗಳಲ್ಲಿ ಒಂದಾದ ಸಾಮರ್‌ವಿಲ್ಲಿಗೆ 1889ರಲ್ಲಿ ನಮ್ಮ ದೇಶದ ಕಾರ್ನೀಲಿಯಾ ಸೊರಾಬ್ಜಿ ಬಂದರು. 1892ರಲ್ಲಿ ನ್ಯಾಯಶಾಸ್ತ್ರದ ಉನ್ನತ ಪರೀಕ್ಷೆಗೆ ಕುಳಿತರು. ಅಲ್ಲಿ ಆ ಪರೀಕ್ಷೆಗೆ ಕುಳಿತ ಮೊದಲ ಮಹಿಳೆ ಅವರು. ಆದರೆ ಮಹಿಳೆಯರಿಗೆ ಪದವಿ ಕೊಡಲು ವಿಶ್ವವಿದ್ಯಾನಿಲಯ ಒಪ್ಪಿದ್ದು 1920ರಲ್ಲಿ. ಸೊರಾಬ್ಜಿಯವರ ಕೈಗೆ ಪದವಿ ಬಂದದ್ದು 1922ರಲ್ಲಿ, 30 ವರ್ಷಗಳ ಮೇಲೆ. ಗಂಡಸರ ಕಾಲೇಜುಗಳಲ್ಲಿ ಮೊದಲ ಐದು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1974ರಲ್ಲಿ. ಕ್ರೈಸ್ಟ್ ಚರ್ಚ್ ತೆರೆದದ್ದು 1980ರಲ್ಲಿ.

ಇಷ್ಟನ್ನು ಹೇಳಿ ಆ ಸಂಸ್ಥೆಯನ್ನು ಹಳಿದುಬಿಟ್ಟರೆ ನ್ಯಾಯವಾಗದು. ಅದೇ ಬಾಗಿಲು ಪರಕೀಯರಿಗೆ ಆಶ್ರಯವಾದದ್ದೂ ಉಂಟು. ಆಲ್ಬರ್ಟ್ ಐನ್‌ಸ್ಟೈನರು 1931ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸ ಮಾಡಲು ಬಂದಾಗ ತಂಗಿದ್ದುದು ಕ್ರೈಸ್ಟ್ ಚರ್ಚಿನ ಕೋಣೆಗಳಲ್ಲಿಯೇ. ಅವರು ಬರೆದ ಕರಿಹಲಗೆಯೊಂದನ್ನು ಅಳಿಸದೆ ಇಂದಿಗೂ ಆ ಊರಿನ ವಿಜ್ಞಾನೇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. 1933ರಲ್ಲಿ ಅವರು ಮತ್ತೆ ಬಂದಾಗ ಜರ್ಮನಿ ಹಿಟ್ಲರನ ವಶವಾಗಿತ್ತು. ತಾಯ್ನಾಡಿನ ಬಾಗಿಲು ಅವರಿಗೆ ಮುಚ್ಚಿಹೋಗಿತ್ತು. ಆ ದಿನಗಳಲ್ಲಿ ಅವರಿಗೆ ಓದಲು ಮೇಜು, ಮಲಗಲು ಮಂಚ ಒದಗಿಸಿದ ಮನೆಗಳಲ್ಲಿ ಇದೂ ಒಂದು.

ನಮ್ಮ ನಾಡಿನ ನಂಟುಳ್ಳವರೂ ಈ ಊರಿನ ಗೋಡೆಗಳೊಳಗೆ ಬಾಳಿದ್ದಾರೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಧಾಕೃಷ್ಣನ್ನರು 1936ರಿಂದ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದರು. ವಿ. ಕೃ. ಗೋಕಾಕರು, ಎಂ. ಎನ್. ಶ್ರೀನಿವಾಸರು ಅಲ್ಲಿ ಓದಿದರು. ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಅಲ್ಲಿದ್ದರು. ವಿದ್ಯಾರ್ಥಿವೇತನವೆಂದರೂ ಅದರ ತಿರುಳು ಅದೇ ಅಲ್ಲವೇ: ಪ್ರತಿಭಾವಂತನಿಗೆ ಕೆಲವು ವರ್ಷಗಳ ಊಟ ಮತ್ತು ಸೂರು.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಕಾಲು ಗಂಟೆಗೊಮ್ಮೆ ಎಲ್ಲಿಂದಲೋ ಒಂದು ಘಂಟೆ, ಅದಕ್ಕೆ ಉತ್ತರವಾಗಿ ಇನ್ನೊಂದು. ದನಗಳು ಕತ್ತಲಲ್ಲಿ ಮಲಗಿ ಉಸಿರುಬಿಡುವ ಸದ್ದು ಕೇಳಿಸುತ್ತಿದೆಯೆಂದು ಭ್ರಮೆ. ಹಾಸಿಗೆ ಕಿರಿದಾಗಿದ್ದರೂ ಒಂದು ಬಗೆಯ ನೆಮ್ಮದಿ: ಗೋಡೆಯಿದೆ, ಬಾಗಿಲು ಹಾಕಿದೆ, ಯಾರೋ ಎಚ್ಚರವಾಗಿ ಕಾಯುತ್ತಿದ್ದಾರೆ. ಆ ನೆಮ್ಮದಿ ನನಗೆ ಹದಿಮೂರನೆಯ ವಯಸ್ಸಿನಲ್ಲಿಯೇ ದೊರೆತಿತ್ತು. ಅದು ದೊರೆತುದರಿಂದ ಓದಿದೆ, ಓದಿದುದರಿಂದ ಅಧ್ಯಾಪಕನಾದೆ. ಬುದ್ಧಿವಂತಿಕೆಯಿಂದ ಮೇಲೆ ಬಂದೆನೆಂದು ಅಷ್ಟು ವರ್ಷವೂ ನಂಬಿಕೊಂಡಿದ್ದೆ.

ಬೆಳಗಿನ ಉಪಾಹಾರ ಮಹಾಭೋಜನಶಾಲೆಯಲ್ಲಿ. ಒಂದೇ ಕಂಬದಿಂದ ಬೀಸಣಿಗೆಯಂತೆ ಹರಡಿದ ಕಲ್ಲಿನ ಛಾವಣಿಯ ಕೆಳಗೆ, ಅಗಲವಾದ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಮಕ್ಕಳು ಮೆಚ್ಚಿದ ಹ್ಯಾರಿ ಪಾಟರ್ ಚಲನಚಿತ್ರಗಳಲ್ಲಿ ಈ ಮೆಟ್ಟಿಲುಗಳು ಕಾಣಿಸಿಕೊಂಡಿವೆ. ಅಲ್ಲಿಯ ಮಾಯಾಶಾಲೆಯ ಊಟದ ಮನೆಗೂ ಈ ಭೋಜನಶಾಲೆಯೇ ಮಾದರಿ. ಎತ್ತರವಾದ ಮರದ ಛಾವಣಿ, ಉದ್ದನೆಯ ಮೇಜುಗಳು, ಗೋಡೆಯ ತುಂಬ ಭಾವಚಿತ್ರಗಳು: ಎಂಟನೆಯ ಹೆನ್ರಿ, ವುಲ್ಸಿ, ಮೊದಲನೆಯ ಎಲಿಜಬೆತ್ ರಾಣಿ. ಹೊರದೂಡಿಸಿಕೊಂಡ ಜಾನ್ ಲಾಕನಿಗೂ ಒಂದು ಜಾಗ ಸಿಕ್ಕಿದೆ. ಬದುಕಿದ್ದಾಗ ಸ್ಥಳ ಕೊಡದವನಿಗೆ ಸತ್ತಮೇಲೆ ಚೌಕಟ್ಟು ಕೊಡುವುದು ಎಲ್ಲ ದೇಶಗಳ ರೂಢಿಯೆಂದು ಕಾಣುತ್ತದೆ. ಸುಟ್ಟ ರೊಟ್ಟಿ, ಹಣ್ಣು, ಚಹಾ ತೆಗೆದುಕೊಂಡು ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತೆ.

ಅಷ್ಟರಲ್ಲಿ ಊರಿನಿಂದ ಅಕ್ಕನ ದೂರವಾಣಿ ಕರೆ ಬಂದಿತು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಎದ್ದು ಹೊರಗೆ ಬಂದು ಮಾತನಾಡಿದೆ.

"ನಿದ್ದೆ ಬಂತೇನೋ? ಹೊದೆಯೋಕೆ ಕೊಟ್ಟಿದ್ರಾ?" ಎಂದಳು. ಎಪ್ಪತ್ತೈದು ವರ್ಷದ ತಮ್ಮನನ್ನು ಕೇಳುವ ಮಾತೇ ಅದು!

ಕೊಟ್ಟಿದ್ದರೆಂದು ಹೇಳಿದೆ. ಅವಳು ಸ್ವಲ್ಪ ತಡೆದು, "ಅಲ್ಲಿ ಹೆಣ್ಣುಮಕ್ಕಳಿಗೂ ರೂಮು ಕೊಡ್ತಾರೇನೋ?" ಎಂದು ಕೇಳಿದಳು.

"ಕೊಡ್ತಾರಕ್ಕ. 1980ರಿಂದ."

"ಓ, ಅಷ್ಟು ದೊಡ್ಡ ಊರಿನವರೂ ತಡಾನೇ ಮಾಡಿದ್ರು ಅನ್ನು" ಎಂದು ನಕ್ಕಳು. ಆಮೇಲೆ ಮೊಮ್ಮಗಳು ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ ಎಂಬ ವಿಚಾರಕ್ಕೆ ಹೊರಳಿದಳು.

ಹತ್ತು ಗಂಟೆಗೆ ಕೋಣೆ ಬಿಟ್ಟುಕೊಟ್ಟೆ. ಲಾಡ್ಜಿನ ಕಿಟಕಿಯಲ್ಲಿ ಬೀಗದ ಕೈಯನ್ನು ಹಿಂದಿರುಗಿಸಿದಾಗ ಹಿಂದಿನ ದಿನದ ಹಿರಿಯರೇ ಇದ್ದರು. ಟೊಪ್ಪಿಗೆಯನ್ನು ಮುಟ್ಟಿ, ಚೆನ್ನಾಗಿ ನಿದ್ರೆ ಬಂತೇ ಎಂದು ಕೇಳಿದರು. ಅಕ್ಕ ಕೇಳಿದ ಪ್ರಶ್ನೆಯೇ. ದೊಡ್ಡ ಕದಗಳು ಪೂರ್ತಿ ತೆರೆದಿದ್ದವು; ಅದರ ಮೂಲಕ ಪ್ರವಾಸಿಗಳ ಹೊಸ ಗುಂಪು ಒಳಕ್ಕೆ ಬರುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಮೊಮ್ಮಗಳು ನನಗಾಗಿ ಕಾಯುತ್ತ ನಿಂತಿದ್ದಳು.

ಕೇಳುಗರಲ್ಲಿ ನನ್ನದೊಂದು ವಿಜ್ಞಾಪನೆ. ವಿದ್ಯೆಗಾಗಿ ದಾನ ಮಾಡುವವರು ನಮ್ಮಲ್ಲಿ ಕಡಮೆಯೇನಿಲ್ಲ. ಸಭಾಭವನ ಕಟ್ಟಿಸುತ್ತಾರೆ, ಕಮಾನು ಕಟ್ಟಿಸುತ್ತಾರೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುತ್ತಾರೆ. ಅಂಥವರು ಒಮ್ಮೆ ತಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ಹೋಗಿ, ಅಲ್ಲಿ ಎಷ್ಟು ಮಂಚಗಳಿವೆ, ಜಾಗವಿಲ್ಲವೆಂದು ಹಿಂದಕ್ಕೆ ಹೋದವರು ಎಷ್ಟು ಮಂದಿ ಎಂದು ವಿಚಾರಿಸಲಿ. ವುಲ್ಸಿ ಕಟ್ಟಿಸಬೇಕೆಂದಿದ್ದ ಕಮಾನುಗಳು ಮೇಲೇಳದೆಯೇ 500 ವರ್ಷಗಳಾದವು. ಅದರಿಂದ ಯಾರ ಓದೂ ನಿಲ್ಲಲಿಲ್ಲ. ಒಂದು ಹಾಸಿಗೆ ಕಡಮೆಯಾದರೆ ಒಬ್ಬರ ಓದು ನಿಲ್ಲುತ್ತದೆ.